ನಿಮಗಿದು ಗೊತ್ತೆ? ದಪ್ಪಗಾಗುವ ಭಯವಿಲ್ಲದೆಯೂ ಊಟ ಬಿಡುವ ಕಾಯಿಲೆ

ಊಟ ಬಿಟ್ಟು ಸೊರಗುವ ಅನೊರೆಕ್ಸಿಯಾ ಕಾಯಿಲೆ ತೆಳ್ಳಗಾಗುವ ಹಂಬಲದಿಂದಲೇ ಹುಟ್ಟುತ್ತದೆ ಎಂಬುದು ಪಾಶ್ಚಾತ್ಯ ವೈದ್ಯರ ಬಹುಕಾಲದ ನಂಬಿಕೆ. 1993ರಲ್ಲಿ ಹಾಂಗ್‌ಕಾಂಗ್‌ನ ಮನೋವೈದ್ಯ ಸಿಂಗ್ ಲೀ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ 70 ಚೀನೀ ರೋಗಿಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ದಪ್ಪಗಾಗುವ ಭಯವೇ ಇರಲಿಲ್ಲ. ಹೊಟ್ಟೆ ಉಬ್ಬರ, ಹಸಿವಿಲ್ಲ ಎಂಬಂಥ ಕಾರಣಗಳನ್ನೇ ಕೊಡುತ್ತಿದ್ದರು. ನಮ್ಮಲ್ಲೂ ಮನದ ನೋವು ಎಷ್ಟೋ ಸಲ ‘ಗ್ಯಾಸ್ಟ್ರಿಕ್‌’, ‘ಊಟ ಸೇರಲ್ಲ’ ಎಂಬ ಮಾತಾಗಿಯೇ ಹೊರಬರುತ್ತದೆ. ಹಾಗಾಗಿ ಕೆ.ಆರ್. ನಗರದಂಥ ಸಣ್ಣ ಊರಲ್ಲಿ ಈ ಕಾಯಿಲೆಯೇ ಇಲ್ಲ ಎನ್ನುವ ಮೊದಲು, ಅದನ್ನು ಗುರುತಿಸುತ್ತಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ಇದು ಪಟ್ಟಣದ ಸಿರಿವಂತರ ಕಾಯಿಲೆಯಲ್ಲವೇ ಎನ್ನಬಹುದು. 2012ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಬೆಂಗಳೂರಿನ 66 ಮನೋವೈದ್ಯರ ಪೈಕಿ ಮೂರನೇ ಎರಡರಷ್ಟು ಮಂದಿ ಅನೊರೆಕ್ಸಿಯಾದಂಥ ಊಟದ ಕಾಯಿಲೆಯ ಒಬ್ಬ ರೋಗಿಯನ್ನಾದರೂ ಕಂಡಿದ್ದರು, ನಿಜ; ಆದರೆ ಮನೋವೈದ್ಯರು ಇರುವಲ್ಲಿ ಮಾತ್ರ ಇಂಥ ಲೆಕ್ಕ ಸಿಗುತ್ತದೆ. ಹಾಗಾದರೆ ಶನಿವಾರದ ಒಪ್ಪತ್ತು, ಏಕಾದಶಿಯ ಉಪವಾಸವೂ ರೋಗವೇ? ಖಂಡಿತ ಅಲ್ಲ, ವ್ರತ ಊಟದಲ್ಲಿ ಮುಗಿಯುತ್ತದೆ. ತೂಕ ಇಳಿಯುತ್ತಲೇ ಇದ್ದು, ಉಣ್ಣದಿರಲು ದಿನಕ್ಕೊಂದು ನೆಪ ಹುಟ್ಟುತ್ತಿದ್ದರೆ ಅದು ಬೇರೆಯೇ ಸಂಗತಿ. ಅಂಥವರನ್ನು ಗದರಿಸಬೇಡಿ. ವೈದ್ಯರಿಗೆ ತೋರಿಸಿ, ಇಲ್ಲವೇ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.