ಕಡಲ ಪ್ರವಾಸದಲ್ಲಿ ಇನ್ಸುಲಿನ್

ಮುಂಬಯಿಯಿಂದ ಹಡಗು ಹತ್ತುವ ಮಧುಮೇಹಿಗೆ ಬಟ್ಟೆಬರೆಗಿಂತ ಮೊದಲು ಇನ್ಸುಲಿನ್ನಿನ ಚಿಂತೆ ಇರಬೇಕು. ನಡುಗಡಲಲ್ಲಿ ಔಷಧದ ಅಂಗಡಿ ಇಲ್ಲ. ಇನ್ಸುಲಿನ್ ಒಂದು ಸಸಾರಜನಕ. ಬಿಸಿಗೆ ಅದರ ಸತ್ವ ಕುಂದುತ್ತದೆ, ಹೆಪ್ಪುಗಟ್ಟಿದರಂತೂ ಮತ್ತೆ ಬಳಸಲಾಗದು. ಕೆಟ್ಟದ್ದು ಕಣ್ಣಿಗೆ ಕಾಣದೆಯೂ ಇರಬಹುದು. ರಕ್ತದ ಸಕ್ಕರೆ ಏರಿದಾಗಲೇ ತಿಳಿಯುವುದು.

ತೆರೆಯದ ಸೀಸೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಬಳಕೆಯಲ್ಲಿರುವ ಸೀಸೆ 25 ಡಿಗ್ರಿ ಮೀರದಿದ್ದರೆ ಸಾಮಾನ್ಯವಾಗಿ 4 ವಾರ ಹೊರಗಿದ್ದರೂ ಬಾಧಕವಿಲ್ಲ. ಹವಾನಿಯಂತ್ರಿತ ಕೋಣೆಯ ಮೇಜೇ ಅದಕ್ಕೆ ಸಾಕು.

ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆಯ ಉಪಾಯವನ್ನು ಊರಿನಲ್ಲಿ ಕಂಡವರುಂಟು. ನೀರು ಆವಿಯಾಗುವಾಗ ಶಾಖವನ್ನು ಹೀರುವುದೇ ಅದರ ಗುಟ್ಟು. ವಿಜಯಪುರದ ಬೇಸಗೆಯ ಒಣಗಾಳಿಯಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಕಡಲ ಗಾಳಿಯೋ ತಾನೇ ತೇವದಿಂದ ತುಂಬಿದ್ದು. ಅಲ್ಲಿ ನೀರು ಬೇಗ ಆರದು, ತಂಪೂ ಅಷ್ಟಕ್ಕಷ್ಟೆ. ನೀರಿನಲ್ಲಿ ನೆನೆಸಿ ಬಳಸುವ ಚೀಲಗಳ ಪಾಡೂ ಇದೇ. ಥರ್ಮಾಸ್ ಮೇಲು, ಆದರೆ ಸೀಸೆಗೆ ಮಂಜುಗಡ್ಡೆ ತಾಗದಂತೆ ದಪ್ಪ ಬಟ್ಟೆ ಸುತ್ತಬೇಕು. ಕೋಣೆಯ ಪುಟ್ಟ ಫ್ರಿಜ್ಜು ಪಾನೀಯಕ್ಕೆಂದು ಇಟ್ಟದ್ದು. ನಂಬುವ ಮುನ್ನ ಒಳಗೊಂದು ಉಷ್ಣಮಾಪಕವಿಟ್ಟು ನೋಡುವುದು ಲೇಸು.

ದೊಡ್ಡ ಪೆಟ್ಟಿಗೆಗಳು ಕೋಣೆಗೆ ತಲಪಲು ಕೆಲವೊಮ್ಮೆ ಗಂಟೆಗಳೇ ಹಿಡಿಯುವುದರಿಂದ ಮದ್ದು ಕೈಚೀಲದಲ್ಲೇ ಇರಬೇಕು. ದಡಕ್ಕಿಳಿದು ಊರು ನೋಡುವಾಗ ಆ ಚೀಲವನ್ನು ಬಿಸಿಲಲ್ಲಿ ನಿಂತ ಬಸ್ಸಿನೊಳಗೆ ಬಿಟ್ಟುಹೋಗಲಾಗದು.