ಪರದೇಶದ ಮೊಮ್ಮಗನೂ ದಂಡಿನ ಕರೆಯೂ

1857ನೆಯ ಇಸವಿಯ ನವೆಂಬರ ತಿಂಗಳಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಲಾರೆವೆಂದು ಎದ್ದು ನಿಂತ ಸಂಗತಿಯನ್ನು ನಮ್ಮ ಭಾಗದ ಮಕ್ಕಳೂ ಬಲ್ಲರು. ಊರು ಸುಟ್ಟಿತು, ಸೆರೆಸಿಕ್ಕವರಲ್ಲಿ ಅನೇಕರು ಗಲ್ಲಿಗೇರಿದರು, ಲಾವಣಿಯಲ್ಲಿ ಆ ಕಥೆಯು ಉಳಿಯಿತು. ಕೈಯೊಳಗಿನ ಆಯುಧವನ್ನು ಬಲಾತ್ಕಾರದಿಂದ ಕಸಿದುಕೊಂಡ ಸರಕಾರವನ್ನು ನಮ್ಮ ನಾಡು ಹೀಗೆ ಕಂಡಿದೆ. ಆದರೆ ಒಲ್ಲದವನ ಕೈಯಲ್ಲಿ ಬಂದೂಕು ಕೊಟ್ಟು, ಕಾಯಿದೆಯ ಬಲದಿಂದ ಅವನನ್ನು ದಂಡಿಗೆ ಅಟ್ಟಿದ ಸರಕಾರದ ಅನುಭವವು ನಮ್ಮ ಮನೆತನಗಳಿಗೆ ಆಗಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಭಾರತದ ಸೈನ್ಯವು 25 ಲಕ್ಷಕ್ಕೆ ಏರಿದಾಗಲೂ ಆ ಸಿಪಾಯಿಗಳೆಲ್ಲರೂ ತಾವಾಗಿ ಹೆಸರು ಬರೆಯಿಸಿದವರೇ. ಹೊಟ್ಟೆಯ ಚಿಂತೆಯೇ ಹಲವರನ್ನು ದೂಡಿತ್ತೆಂಬ ಮಾತು ಬೇರೆ. ಸೋಜಿಗವೆಂದರೆ, ಈ ದೇಶದಲ್ಲಿ ಸಕ್ತಿಯ ಸೈನ್ಯಭರತಿಯ ಕಾಯಿದೆಗಳು 1917ರಲ್ಲಿಯೂ 1940ರಲ್ಲಿಯೂ ಬಂದದ್ದು ಇಲ್ಲಿದ್ದ ಬಿಳಿಯ ಬ್ರಿಟಿಷ್ ಪ್ರಜೆಗಳ ಮೇಲೆ. ನಮ್ಮವರ ಮೇಲೆ ಅಲ್ಲ. ನಮ್ಮ ಸೀಮೆಯಿಂದ ಒಪ್ಪಿಗೆ ಕೇಳದೆ ದಂಡಿಗೆ ಸೇರಿಸಲ್ಪಟ್ಟವರು ಯಾರಾದರೂ ಇದ್ದರೆ, 2016ರಲ್ಲಿ ಮೇರಠದ ಸೈನ್ಯಕೇಂದ್ರಕ್ಕೆ ತರಬೇತಿಗಾಗಿ ಹೋದ ಮುಧೋಳದ ಬೇಟೆನಾಯಿಗಳು ಮಾತ್ರವೇ ಇರಬೇಕು!

ಇಂಥ ಅನುಭವವಿಲ್ಲದ್ದರಿಂದಲೇ ನಮ್ಮ ಗೃಹಸ್ಥರು ಮಕ್ಕಳನ್ನು ಪರದೇಶಕ್ಕೆ ಕಳುಹುವಾಗ ಸಂಬಳವನ್ನು ವಿಚಾರಿಸುವರು, ಹವೆಯನ್ನು ವಿಚಾರಿಸುವರು, ಊಟದ ವ್ಯವಸ್ಥೆಯನ್ನೂ ವಿಚಾರಿಸುವರು. ಆ ದೇಶದ ದಂಡಿನ ಕಾಯಿದೆಯನ್ನು ವಿಚಾರಿಸುವದಿಲ್ಲ. ಹಿಂದಕ್ಕೆ ರಬಕವಿ-ಬನಹಟ್ಟಿಯ ನೇಕಾರನು ಊರು ಬಿಟ್ಟರೆ ಸೊಲ್ಲಾಪುರ ಇಲ್ಲವೆ ಇಚಲಕರಂಜಿಯನ್ನು ಸೇರುತ್ತಿದ್ದನು. ಅಲ್ಲಿ ಈ ವಿಚಾರದ ಅವಶ್ಯಕತೆಯೇ ಇರಲಿಲ್ಲ. ಈಗ ಜಮಖಂಡಿ, ಬೀಳಗಿಯಂಥ ಊರುಗಳ ಮನೆತನಗಳಿಗೂ ಬೆಂಗಳೂರಿನ ದಾರಿಯಿಂದ ಸಿಂಗಪುರ, ಅಮೇರಿಕಗಳು ನೆರೆಯೂರುಗಳಾಗಿವೆ. ಮಗನು ಅಲ್ಲಿ, ತಾಯಿತಂದೆಗಳು ಇಲ್ಲಿ. ನಡುವೆ ಎರಡೂ ನೆಲಗಳಿಗೆ ಸೇರಿದ ಒಬ್ಬ ಮೊಮ್ಮಗ.

2024ನೆಯ ಇಸವಿಯ ಫೆಬ್ರುವರಿಯಲ್ಲಿ ಕಲಬುರ್ಗಿ ಜಿಲ್ಲೆಯ ಕೆಲವು ತರುಣರ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಈ ಅಲಕ್ಷ್ಯಕ್ಕೆ ಮೊದಲ ಪೆಟ್ಟು ಬಿದ್ದಿತು. ಕಾವಲುಗಾರರ ನೌಕರಿಯೆಂದು ದಲಾಲರ ಮಾತು ನಂಬಿ ರಶಿಯಕ್ಕೆ ಹೋದ ಆ ಹುಡುಗರು ಯುಕ್ರೇನದ ಯುದ್ಧರಂಗದ ಅಂಚಿನಲ್ಲಿ ನಿಂತಿದ್ದರು. ಅದೇ ವರ್ಷ ಮಾರ್ಚಿನಲ್ಲಿ ಕೇಂದ್ರ ತನಿಖಾ ದಳವು ದಲಾಲರ ಮೇಲೆ ಮೊಕದ್ದಮೆ ಹೂಡಿತು. ಜುಲೈಯಲ್ಲಿ ಭಾರತದ ಪ್ರಧಾನಿಗಳು ಮಾಸ್ಕೋದಲ್ಲಿ ರಶಿಯದ ಅಧ್ಯಕ್ಷರೊಡನೆ ಈ ಮಾತನ್ನು ಎತ್ತಿದರು. ಸೆಪ್ಟೆಂಬರದಲ್ಲಿ ನಮ್ಮ ಹುಡುಗರು ಊರು ಸೇರಿದರು. ಎಲ್ಲರಿಗೂ ಆ ಭಾಗ್ಯವಿರಲಿಲ್ಲ. 2025ರ ಜನೆವರಿಯಲ್ಲಿ ವಿದೇಶಾಂಗ ಖಾತೆಯು ಹೇಳಿದ ಲೆಕ್ಕದ ಮೇರೆಗೆ, ಆ ವರೆಗೆ ತಿಳಿದುಬಂದ 126 ಭಾರತೀಯರಲ್ಲಿ 96 ಜನರು ಮರಳಿದ್ದರು, 12 ಜನರು ತೀರಿಕೊಂಡಿದ್ದರು, 16 ಜನರ ಪತ್ತೆಯೇ ಇರಲಿಲ್ಲ.

ಇದು ಕಾಯಿದೆಯ ದಂಡಲ್ಲ, ಮೋಸದ ದಂಡು. ಓದಲಾರದ ಭಾಷೆಯ ಕರಾರುಪತ್ರಕ್ಕೆ ಸಹಿ ಮಾಡಬಾರದು. 1983ರ ವಲಸೆ ಕಾಯಿದೆಯ ಮೇರೆಗೆ ನೋಂದಣಿಯಾದ ದಲಾಲನೋ ಅಲ್ಲವೋ ಎಂಬುದನ್ನು ನೋಡದೆ ಹಣ ಕೊಡಬಾರದು. ಇಷ್ಟು ಎಚ್ಚರವಿದ್ದರೆ ಅದರಿಂದ ಬಹುಮಟ್ಟಿಗೆ ಪಾರಾಗಬಹುದು. ಆದರೆ ಆ ಸುದ್ದಿಯ ಬೆನ್ನಿಗೆ ಕಟ್ಟೆಗಳ ಮೇಲೆ ಬೇರೊಂದು ಗುಲ್ಲು ಎದ್ದಿತು. ಪರದೇಶದ ಪ್ರಜೆಯಾದ ಮಗನು ಜಾತ್ರೆಗೆ ಊರಿಗೆ ಬಂದರೆ ಇಲ್ಲಿನ ಸರಕಾರವೇ ಅವನನ್ನು ಹಿಡಿದು ಸಿಪಾಯಿಯಾಗಿ ಮಾಡುವದೇ? ಯುದ್ಧವೆದ್ದರೆ ವಿಮಾನ ನಿಲ್ದಾಣದಲ್ಲಿಯೇ ತಡೆಯುವರೇ?

ಈ ಭಯವು ಎಲ್ಲಿಂದ ಹುಟ್ಟಿತೆಂಬುದನ್ನು ಊಹಿಸುವದು ಕಠಿಣವಲ್ಲ. ಪರದೇಶದಲ್ಲಿ ನಮ್ಮ ಹುಡುಗನ ಜೊತೆಗಾರರಲ್ಲಿ ಕೊರಿಯದವರಿರುವರು, ತುರ್ಕಸ್ಥಾನದವರಿರುವರು. ಅವರಿಗೆ ಈ ಅಂಜಿಕೆಯು ನಿಜವಾದದ್ದೇ. ದಕ್ಷಿಣ ಕೊರಿಯದ ತಾಯಿತಂದೆಗಳಿಗೆ ಪರದೇಶದಲ್ಲಿ ಹುಟ್ಟಿ ಎರಡೂ ದೇಶಗಳ ಪ್ರಜೆಯಾದ ಹುಡುಗನು, ತನಗೆ ಹದಿನೆಂಟಾಗುವ ವರ್ಷದ ಮಾರ್ಚ ಅಖೇರಿಯೊಳಗೆ ಕೊರಿಯದ ಪ್ರಜಾತ್ವವನ್ನು ಬಿಡದಿದ್ದರೆ ಸೈನ್ಯದ ಋಣವು ಅವನ ಕೊರಳಿಗೆ ಬೀಳುವದು. ತುರ್ಕರು ಪರದೇಶದಲ್ಲಿ ದುಡಿಯುವ ತಮ್ಮವರಿಂದ ಹಣ ಕಟ್ಟಿಸಿಕೊಂಡು ಆ ಋಣವನ್ನು ಹರಿಯುವ ಪದ್ಧತಿಯನ್ನು ಇಟ್ಟಿರುವರು. ಇಂಥವರ ಮಾತುಗಳನ್ನು ಕೇಳಿದ ಹುಡುಗನು ತನ್ನ ಊರನ್ನೂ ಅದೇ ತಕ್ಕಡಿಯಲ್ಲಿ ತೂಗಿದರೆ ಆಶ್ಚರ್ಯವೇನು?

ಆದರೆ ಭಾರತದಲ್ಲಿ ಸಕ್ತಿಯ ಸೈನ್ಯಸೇವೆ ಇಲ್ಲ. ಸಾರ್ವಜನಿಕ ಕಾರ್ಯಕ್ಕಾಗಿ ಕಡ್ಡಾಯ ಸೇವೆಯನ್ನು ವಿಧಿಸುವ ಅಧಿಕಾರವನ್ನು ರಾಜ್ಯಘಟನೆಯ 23ನೆಯ ಕಲಮು ಸರಕಾರಕ್ಕೆ ಇಟ್ಟಿದೆ. 1976ರಲ್ಲಿ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ದೇಶರಕ್ಷಣೆಯ ಮಾತೂ ಇದೆ. ಆದರೆ ಆ ಬಲದಿಂದ ತರುಣರನ್ನು ಸಿಪಾಯಿಗಳಾಗಿ ಎಳೆದ ಕಾಯಿದೆ ಬಂದಿಲ್ಲ. ಬೆಳಗಾವಿಯ ಮರಾಠಾ ದಂಡಿಗೆ ಸೇರುವವರೂ, 2022ರ ಅಗ್ನಿಪಥದ ಸಾಲಿನಲ್ಲಿ ಓಡುವವರೂ ತಾವಾಗಿ ಬಂದವರು. ನಮ್ಮ ಕಡೆಯಲ್ಲಂತೂ ಬೇಕೆಂದರೂ ಜಾಗ ಸಿಗದೆ ಮರಳುವ ಹುಡುಗರೇ ಹೆಚ್ಚು. ಮೇಲಾಗಿ ಪರದೇಶದ ಪ್ರಜಾತ್ವವನ್ನು ತಾನಾಗಿ ಪಡೆದವನು ಭಾರತದ ಪ್ರಜೆಯಾಗಿ ಉಳಿಯುವದೇ ಇಲ್ಲ. ಆದುದರಿಂದ ಊರಿಗೆ ಬರುವ ಮಗನು ಈ ಬಾಗಿಲಲ್ಲಿ ಅಂಜಬೇಕಾದ ಕಾರಣವಿಲ್ಲ. ಅಪಾಯವು ಕಾದಿರುವದು ಅವನು ಬಿಟ್ಟು ಬಂದ ಬಾಗಿಲಲ್ಲಿ; ಅದೂ ಹಲವು ಸಲ ಅವನಿಗಲ್ಲ, ಅವನ ಮಗನಿಗೆ.

ಕೊಲ್ಲಿಯ ದೇಶಗಳ ಮಾತನ್ನು ಮೊದಲು ಮುಗಿಸುವೆವು. ಸಂಯುಕ್ತ ಅರಬ ಸಂಸ್ಥಾನಗಳು, ಕತಾರ, ಕುವೈತಗಳು ಕೆಲವು ವರ್ಷಗಳ ಹಿಂದೆ ಸಕ್ತಿಯ ಭರತಿಯನ್ನು ತಂದಿರುವದು ನಿಜ. ಅದು ಅಲ್ಲಿನ ಮೂಲಪ್ರಜೆಗಳಿಗೆ ಮಾತ್ರ. ದುಡಿಯಲು ಹೋದ ನಮ್ಮವರಿಗೆ ಅದು ತಟ್ಟುವದಿಲ್ಲ.

ಅಮೇರಿಕದ್ದು ಬೇರೆ ಪರಿ. ಅಲ್ಲಿ 1973ರಿಂದ ಯಾರನ್ನೂ ಬಲವಂತದಿಂದ ದಂಡಿಗೆ ಕರೆದಿಲ್ಲ. ಅದಕ್ಕೂ ಮೊದಲು, ವಿಯೆಟ್ನಾಮದ ಯುದ್ಧದ ದಿನಗಳಲ್ಲಿ, ಕಾಯಂ ನಿವಾಸದ ಹಕ್ಕು ಪಡೆದ ಪರದೇಶದ ವೈದ್ಯರೂ ಆ ಕರೆಗೆ ಒಳಗಾಗಿದ್ದರು. 1965ರ ಕಾಯಿದೆಯ ತರುವಾಯ ಭಾರತದಿಂದ ಹೋದ ಡಾಕ್ಟರರಿಗೂ ಈ ಲೆಕ್ಕ ತಪ್ಪಿರಲಿಲ್ಲ. ಈಗ ಉಳಿದಿರುವದು ಹೆಸರಿನ ಪಟ್ಟಿ. 1980ರಿಂದ, ಹದಿನೆಂಟರಿಂದ ಇಪ್ಪತ್ತೈದು ವಯಸ್ಸಿನ ಪ್ರತಿಯೊಬ್ಬ ಗಂಡುಪ್ರಜೆಯ ಹೆಸರೂ, ಕಾಯಂ ನಿವಾಸಿಯ ಹೆಸರೂ ಅದರಲ್ಲಿ ಇರತಕ್ಕದ್ದು. ತಾತ್ಪೂರ್ತಿಕ ನೌಕರಿಯ ಇಲ್ಲವೆ ವಿದ್ಯಾಭ್ಯಾಸದ ಪರವಾನಿಗೆಯಲ್ಲಿ ಇರುವವರಿಗೆ ಇದು ಇಲ್ಲ.

ಇಲ್ಲಿ ನಮ್ಮ ಮನೆತನಗಳು ಎಡವುವ ಒಂದು ಸ್ಥಳವಿದೆ. ಇಪ್ಪತ್ತು ವರ್ಷಗಳ ಹಿಂದೆ ಅಲ್ಲಿ ನೌಕರಿಯಲ್ಲಿದ್ದ ದಂಪತಿಗಳಿಗೆ ಗಂಡುಮಗು ಹುಟ್ಟಿತೆನ್ನೋಣ. ಮುಂದೆ ಅವರು ಊರಿಗೆ ಮರಳಿದರು; ಹುಡುಗನು ಕೃಷ್ಣೆಯ ನೀರು ಕುಡಿದು, ಇಲ್ಲಿನ ಶಾಲೆಯಲ್ಲಿ ಕಲಿತು ದೊಡ್ಡವನಾದನು. ಅಮೇರಿಕದ ನೆನಪೂ ಅವನಿಗಿಲ್ಲ. ಆದರೂ ಕಾಯಿದೆಯ ದೃಷ್ಟಿಯಿಂದ ಅವನು ಅಲ್ಲಿನ ಪ್ರಜೆ; ಹೆಸರು ಆ ಪಟ್ಟಿಯಲ್ಲಿ ಇರಲೇಬೇಕು. ಇಪ್ಪತ್ತಾರು ತುಂಬಿದ ಮೇಲೆ ಸೇರಿಸುತ್ತೇನೆಂದರೆ ಬಾಗಿಲು ಮುಚ್ಚಿರುವದು. ಆಗ ಅಲ್ಲಿಯ ಕೇಂದ್ರ ಸರಕಾರದ ನೌಕರಿಗಳು ಕೈತಪ್ಪುವವು. ಕಾಯಂ ನಿವಾಸಿಯಾದ ಹುಡುಗನಿಗಾದರೆ ಪ್ರಜಾತ್ವ ಬೇಡುವಾಗ ಇದೇ ಲೋಪವು ಅಡ್ಡಬರುವದು. ಹೆಸರು ಬರೆಯಿಸುವದೆಂದರೆ ದಂಡಿಗೆ ಸೇರುವದಲ್ಲ ಎಂಬುದನ್ನು ಮನೆಯ ಹಿರಿಯರಿಗೆ ತಿಳಿಯಹೇಳುವದು ಅವಶ್ಯ. ಇಲ್ಲವಾದರೆ ಅವರೇ ಅಂಜಿ, ಬೇಡವೆಂದು ಬಿಡಿಸುವರು.

ಆದರೆ ದಂಡಿನ ಕರೆಯು ಕೇವಲ ಕಾಗದದ ಮೇಲೆ ಉಳಿಯದೆ ನಿಜವಾಗಿ ಬರುವ ಸ್ಥಳವು ಸಿಂಗಪುರ. ಆ ಸಣ್ಣ ದ್ವೀಪವು 1967ರಿಂದ ತನ್ನ ತರುಣರನ್ನು ದಂಡಿಗೆ ಕರೆಯುತ್ತಿದೆ. ಉದ್ಯೋಗದ ನಿಮಿತ್ತ ತಾನೇ ಕಾಯಂ ನಿವಾಸದ ಹಕ್ಕನ್ನು ಪಡೆದ ತಂದೆಗೆ ಈ ಕರೆ ಇಲ್ಲ. ಆದರೆ ತಂದೆಯ ಆಧಾರದಿಂದ ಅದೇ ಹಕ್ಕನ್ನು ಪಡೆದ ಮಗನಿಗೆ ಇದೆ, ಅವನ ಕೈಯಲ್ಲಿ ಭಾರತದ ಪಾಸ್‌ಪೋರ್ಟೇ ಇದ್ದರೂ ಸರಿಯೇ! ಹದಿನಾರೂವರೆ ವಯಸ್ಸಿಗೆ ನೋಂದಣಿ; ಹದಿನೆಂಟರ ಸುಮಾರಿಗೆ ಭರತಿ; ಸುಮಾರು ಎರಡು ವರ್ಷ ಪೂರ್ಣ ಸೇವೆ; ಆ ಮೇಲೆ ನಾಲ್ವತ್ತರ ವರೆಗೆ ಆಗಾಗ ಕರೆ.

ಮಗುವಿಗೆ ಮೂರು ವರ್ಷವಿದ್ದಾಗ ತಂದೆಯು ಶಾಲೆಯ ಶುಲ್ಕ ಉಳಿಯುವದೆಂದೂ ಮನೆ ಕೊಳ್ಳಲು ಸುಲಭವಾಗುವದೆಂದೂ ಮಗನ ಹೆಸರನ್ನು ಅರ್ಜಿಯಲ್ಲಿ ಸೇರಿಸುವನು. ಅದು ತಪ್ಪೆಂದು ನಾವು ಹೇಳುವದಿಲ್ಲ. ಸೌಕರ್ಯವನ್ನು ಬೇಡದ ಗೃಹಸ್ಥನುಂಟೇ? ಆದರೆ ಆ ಸಹಿಯು ತೊಟ್ಟಿಲ ಮಗುವಿನ ಹದಿನೆಂಟನೆಯ ವರ್ಷದ ಮೇಲೆ ಬಿದ್ದ ಸಹಿ. ಜಮಖಂಡಿಯಲ್ಲಿರುವ ಅಜ್ಜನಿಗೆ ಆ ಮಾತನ್ನು ಬಹುತರ ಯಾರೂ ಹೇಳಿರುವದಿಲ್ಲ.

ಅಜ್ಜನಿಗೆ ಅದು ತಿಳಿಯುವದು ಬೇರೆ ರೀತಿಯಿಂದ. ಮೊಮ್ಮಗನು ಒಂದು ವರ್ಷ ತಮ್ಮಲ್ಲಿಯೇ ಇದ್ದು ಕನ್ನಡ ಓದುಬರಹ ಕಲಿಯಲೆಂದು ಅಜ್ಜ-ಅಜ್ಜಿಯರು ಬಯಸುವರು. ಆಗ ತೊಡಕು ಹೊರಬೀಳುವದು. ಹದಿಮೂರು ತುಂಬಿದ ಹುಡುಗನು ಸಿಂಗಪುರದ ಹೊರಗೆ ಮೂರು ತಿಂಗಳು ಅಥವಾ ಹೆಚ್ಚು ಕಾಲ ಇರಬೇಕಾದರೆ ಅಲ್ಲಿಯ ಸೈನ್ಯದ ಖಾತೆಯ ಪರವಾನಿಗೆ ಬೇಕು. ವಯಸ್ಸು ಏರಿದಂತೆ, ಅವಧಿಯು ಬೆಳೆದಂತೆ, ಜಾಮೀನನ್ನೂ ಕೇಳುವರು. ಅದು ಕನಿಷ್ಠ 75,000 ಸಿಂಗಪುರ ಡಾಲರು, ಇಲ್ಲವೆ ತಾಯಿತಂದೆಗಳ ವಾರ್ಷಿಕ ಉತ್ಪನ್ನದ ಅರ್ಧ, ಇವುಗಳಲ್ಲಿ ಯಾವದು ಹೆಚ್ಚೋ ಅದು. ಒಬ್ಬ ಮಧ್ಯಮ ಗೃಹಸ್ಥನ ಹೊಲಮನೆಗಳೆರಡನ್ನೂ ತೂಗುವ ಮೊತ್ತವಿದು. ಪರವಾನಿಗೆಯಿಲ್ಲದೆ ಉಳಿದು, ಭರತಿಯ ಕರೆಗೆ ಓಗೊಡದೆ ಹೋದವನಿಗೆ 10,000 ಡಾಲರುಗಳ ವರೆಗೆ ದಂಡ, ಮೂರು ವರ್ಷಗಳ ವರೆಗೆ ಸೆರೆ, ಇಲ್ಲವೆ ಎರಡೂ ಉಂಟು. ಎಷ್ಟು ಹೆಚ್ಚು ವರ್ಷ ತಪ್ಪಿಸಿಕೊಂಡನೋ ಅಷ್ಟು ದೀರ್ಘವಾದ ಸೆರೆ ಎಂಬ ಅಳತೆಯನ್ನು ಅಲ್ಲಿನ ಉಚ್ಚ ನ್ಯಾಯಾಲಯವು 2017ರಲ್ಲಿ ಹಾಕಿಕೊಟ್ಟಿದೆ. ಊರಲ್ಲಿದ್ದಷ್ಟು ದಿನ ಯಾರೂ ಕೇಳುವದಿಲ್ಲ. ಮುಂದೆ ಓದು ಮುಗಿಸಿ, ನೌಕರಿಗೋ ಗೆಳೆಯನ ಲಗ್ನಕ್ಕೋ ಅಲ್ಲಿ ಇಳಿದಾಗ ವಿಮಾನ ನಿಲ್ದಾಣದಲ್ಲಿಯೇ ಕೈಹಿಡಿಯುವರು.

ಕಾಯಂ ನಿವಾಸವನ್ನೇ ಬಿಟ್ಟುಕೊಟ್ಟರಾಯಿತೆಂದು ಕೆಲವರು ಉಪಾಯ ಹೇಳುವರು. ಸೇವೆ ಮಾಡದೆ ಬಿಟ್ಟುಕೊಟ್ಟ ಹುಡುಗನು ಮುಂದೆ ಅಲ್ಲಿ ಓದಲು ಇಲ್ಲವೆ ದುಡಿಯಲು ಅರ್ಜಿ ಹಾಕಿದಾಗ ಆ ಸಂಗತಿಯನ್ನು ಅವನಿಗೆ ವಿರುದ್ಧವಾಗಿ ಎಣಿಸುವರು. ಆ ದಾರಿಯನ್ನು ಹಿಡಿಯುವದೇ ಆದರೆ ಸೌಕರ್ಯಗಳನ್ನೆಲ್ಲ ಉಂಡು ಕರೆಯ ಮುನ್ನಾದಿನ ಎದ್ದುಹೋಗುವದಕ್ಕಿಂತ, ಹುಡುಗನು ಚಿಕ್ಕವನಿರುವಾಗಲೇ ನಿಶ್ಚಯಿಸುವದು ಲೇಸು. ಸೇವೆ ಮಾಡಿ ಮುಗಿಸಿದ ಹುಡುಗರನ್ನೂ ನಾವು ಬಲ್ಲೆವು. ಶಿಸ್ತು, ಸ್ನೇಹ ಎರಡನ್ನೂ ಗಳಿಸಿ ಬಂದವರು ಅವರು. ಕೆಡುಕಿರುವದು ಸೇವೆಯಲ್ಲಲ್ಲ, ಮನೆಯವರ ಗಮನಕ್ಕೆ ಬಾರದೆ ಅದು ಬಂದೆರಗುವದರಲ್ಲಿ.

ಹುಡುಗನು ಸಿಂಗಪುರದ ಪ್ರಜೆಯೇ ಆಗಿ ಸೇವೆ ಮಾಡಿದ್ದರೆ ಇನ್ನೊಂದು ಗಂಟನ್ನು ನೋಡಿಕೊಳ್ಳಬೇಕು. ಸಾಗರೋತ್ತರ ಭಾರತೀಯರ ಕಾರ್ಡು ಪರದೇಶದ ಸೈನ್ಯದಲ್ಲಿರುವವರಿಗೂ ಅಲ್ಲಿಂದ ನಿವೃತ್ತರಾದವರಿಗೂ ಸಲ್ಲದೆಂಬುದು ಭಾರತ ಸರಕಾರದ ಸಾಮಾನ್ಯ ನಿಯಮ. ಸಕ್ತಿಯ ಸೇವೆ ಮಾಡಿದ ಹುಡುಗನ ಅರ್ಜಿಯನ್ನು ಹಾಕುವ ಮುನ್ನ ಅಲ್ಲಿಯ ಭಾರತದ ದೂತಾವಾಸಕ್ಕೆ ಬರೆದು ಕೇಳಿ, ಬರಹದಲ್ಲಿಯೇ ಉತ್ತರ ಪಡೆಯತಕ್ಕದ್ದು. ಕಾರ್ಡು ಚಿಕ್ಕಂದಿನಲ್ಲಿಯೇ ದೊರೆತಿದ್ದರೂ ಅದನ್ನು ಹೊಸದು ಮಾಡಿಸುವ ಮುನ್ನ ಇದೇ ವಿಚಾರಣೆ ಒಳ್ಳೆಯದು.

ರಜೆಗೆ ಬರುವ ಹುಡುಗನಿಗೆ ಮಾತ್ರ ಇದಾವದೂ ಅಡ್ಡಿಯಲ್ಲ. ಸಿಂಗಪುರದ ಶಾಲೆಗಳಿಗೆ ಜೂನ ತಿಂಗಳಲ್ಲಿಯೂ ವರ್ಷದ ಅಖೇರಿಗೂ ಬಿಡುವಿರುವದು; ಎರಡೂ ಮೂರು ತಿಂಗಳ ಮಿತಿಯ ಒಳಗಿನವು. ಕಾರಹುಣ್ಣಿವೆಯ ದಿನ ಬೀಳಗಿಯ ಓಣಿಯಲ್ಲಿ ಎತ್ತುಗಳು ಕರಿ ಹರಿಯುವದನ್ನು ನೋಡಲು ಬರುವ ಮೊಮ್ಮಗನು ಯಾವ ಸೈನ್ಯದ ಖಾತೆಯ ಪರವಾನಿಗೆಯನ್ನೂ ಕೇಳಬೇಕಾಗಿಲ್ಲ.