ಹಳೆಯ ಕೀಲಿಮಣೆಗೆ ಮರುಜೀವ

ಹಬ್ಬಕ್ಕೆಂದು ಮನೆ ಗುಡಿಸುವಾಗ ಅಟ್ಟದಿಂದ ಹಳೆಯ ಕಂಪ್ಯೂಟರಿನ ಕೀಲಿಮಣೆಯೊಂದು ಇಳಿಯಿತೆಂದರೆ, “ನಾಲ್ಕು ಅಕ್ಷರ ಮೂಡುವುದಿಲ್ಲ, ಗುಜರಿಗೆ ಹಾಕಿ” ಎಂದು ಮಕ್ಕಳು ತೀರ್ಪು ಕೊಟ್ಟುಬಿಡುತ್ತಾರೆ. ಅವಸರ ಬೇಡವೆಂಬುದೇ ನಮ್ಮ ಮಾತು. ಕೆಟ್ಟಿತೆಂದು ನಾವು ಎಣಿಸುವುದು ಎಷ್ಟೋ ಸಲ ಬರಿಯ ಕೊಳೆಯಾಗಿರುತ್ತದೆ.

ಐ.ಬಿ.ಎಂ. ಸಂಸ್ಥೆಯವರು 1985ರಲ್ಲಿ ಹೊರತಂದ ‘ಮಾಡೆಲ್ ಎಂ’ ಕೀಲಿಮಣೆಯನ್ನೇ ನೋಡೋಣ. ಇದರ ಕೀಲಿಯ ಕೆಳಗೆ ಸಣ್ಣದೊಂದು ಸುರುಳಿ ಸ್ಪ್ರಿಂಗ್ ಇರುತ್ತದೆ. ಬೆರಳು ಒತ್ತಿದಂತೆ ಅದು ಕುಗ್ಗಿ, ಥಟ್ಟನೆ ಪಕ್ಕಕ್ಕೆ ಬಾಗುತ್ತದೆ. ಟಕ್ಕೆಂಬ ಸದ್ದು ಆಗಿನದು. ಬುಡದಲ್ಲಿರುವ ಪುಟ್ಟ ಸುತ್ತಿಗೆ ಹೊರಳಿ, ಅಡಿಯ ತೆಳುಹಾಳೆಗಳನ್ನು ಒತ್ತಿದಾಗ ಅಕ್ಷರ ಮೂಡುತ್ತದೆ. ಬಾಗುವ ಸ್ಪ್ರಿಂಗಿನ ಈ ಉಪಾಯಕ್ಕೆ ರಿಚರ್ಡ್ ಹಂಟರ್ ಹ್ಯಾರಿಸ್ ಅವರ ಹೆಸರಿನಲ್ಲಿ 1978ರಲ್ಲಿ ಅಮೆರಿಕದ ಪೇಟೆಂಟು ದೊರೆಯಿತು.

ಶುಚಿ ಮಾಡುವ ಮೊದಲು ತಂತಿ ಕಳಚಿ, ಯಾವ ಅಕ್ಷರ ಎಲ್ಲಿದೆಯೆಂದು ಫೋಟೋ ತೆಗೆದಿಡಿರಿ. ಕೀಲಿಗಳ ಟೊಪ್ಪಿಗೆಗಳನ್ನು ನೇರವಾಗಿ ಮೇಲಕ್ಕೆಳೆದು, ಪಾತ್ರೆ ತೊಳೆಯುವ ಸಾಬೂನು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿರಿ, ಕುದಿನೀರು ಬೇಡ. ಮಣೆಗೆ ಮಾತ್ರ ನೀರು ಸೋಕಿಸದೆ ಒಣ ಕುಂಚದಿಂದ ಧೂಳು ತೆಗೆಯಬೇಕು. ಹಿಂದೊಮ್ಮೆ ಇಡೀ ಮಣೆಯನ್ನೇ ನಲ್ಲಿಗೆ ಹಿಡಿದು, ಹಾಳೆಗಳ ನಡುವೆ ನೀರು ಹೊಗಿಸಿ ಕೆಡಿಸಿಕೊಂಡವರು ನಾವು. ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇವೆ.

ತೊಳೆದರೂ ಅಕ್ಷರ ಮೂಡದಿದ್ದರೆ ಒಳಗೆ ನೋಡಬೇಕು. ಹೊರಕವಚದ ನಾಲ್ಕು ಸ್ಕ್ರೂಗಳಿಗೆ ಆರುಮೂಲೆಯ ತಲೆ, ಅದಕ್ಕೆ 5.5 ಮಿ.ಮೀ.ನ ಸಪೂರ ನಟ್ ಡ್ರೈವರೇ ಆಗಬೇಕು. ಒಳಗೆ ಕಪ್ಪು ಪ್ಲಾಸ್ಟಿಕ್ಕಿನ ಚೂರುಗಳು ಉದುರಿದರೆ ಅವು ರಿವೆಟ್ಟಿನ ತಲೆಗಳು. ವಯಸ್ಸಾದಂತೆ ಇವು ಮುರಿದು, ಉಕ್ಕಿನ ತಗಡಿನ ಹಿಡಿತ ಸಡಿಲವಾಗುತ್ತದೆ. ರಿವೆಟ್ಟುಗಳ ಜಾಗದಲ್ಲಿ ಸಣ್ಣ ರಂಧ್ರ ಕೊರೆದು 2 ಮಿ.ಮೀ.ನ ಸ್ಕ್ರೂ, ನಟ್ಟು ಬಿಗಿಯುವುದೇ ಇದಕ್ಕೆ ಮದ್ದು. ಕೆಲಸ ನಿಧಾನದ್ದು, ಆದರೆ ಅಸಾಧ್ಯದ್ದಲ್ಲ.

ಟೊಪ್ಪಿಗೆಗಳು ಪೂರ್ತಿ ಒಣಗಿದ ಮೇಲೆ, ಮಣೆಯನ್ನು ನೆಟ್ಟಗೆ ನಿಲ್ಲಿಸಿ ಒಂದೊಂದಾಗಿ ಕೂರಿಸಿರಿ. ಟಕ್ಕೆನ್ನದಿದ್ದರೆ ಸ್ಪ್ರಿಂಗ್ ಸರಿಯಾಗಿ ಕುಳಿತಿಲ್ಲವೆಂದೇ ಅರ್ಥ. ತೆಗೆದು ಮತ್ತೆ ಹಾಕಿರಿ. ಹಳೆಯ ದುಂಡುಪಿನ್ನನ್ನು ಇಂದಿನ ಯಂತ್ರಕ್ಕೆ ಜೋಡಿಸಲು ಪರಿವರ್ತಕ ಬೇಕಾದೀತು.

ಇನ್ನೊಂದು ಮಾತು. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಇಂಗ್ಲಿಷ್ ಅಕ್ಷರಗಳ ಈ ಕೀಲಿಗಳಿಂದಲೇ ಕನ್ನಡವನ್ನೂ ಬರೆಯಬಹುದು. ಪರವೂರಿನಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ, ತಾವೇ ತೊಳೆದು ಜೋಡಿಸಿದ ಮಣೆಯ ಮೇಲೆ ಅಜ್ಜಿಗೊಂದು ಕನ್ನಡ ಓಲೆ ಬರೆಯಲು ಹೇಳಿ ನೋಡಿರಿ. ಗುಜರಿಯವನು ಇನ್ನೊಂದು ದಿನ ಬಂದಾನು.